ವಿಜಯಪುರದ ಶಾಸ್ತ್ರಿ ಮಾರುಕಟ್ಟೆ: ಸೊಪ್ಪಿಗೆ ಬೆಳಗಿನ ಹೊತ್ತೇ ಲೇಸು

ವಿಜಯಪುರದ ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಗೆ ತರಕಾರಿಗಾಗಿ ಹೋಗುವವರು ಬಿಸಿಲೇರುವ ಮೊದಲೇ ತಲುಪುವುದು ಒಳಿತು. ಸುತ್ತಲಿನ ಹಳ್ಳಿಗಳಿಂದ ಬರುವ ಪುಂಡಿಪಲ್ಯ, ಮೆಂತ್ಯ, ಹಕ್ಕರಕಿ, ಎಳೆಯ ಸವತೆಕಾಯಿ ಆಗ ಇನ್ನೂ ಬಾಡಿರುವುದಿಲ್ಲ. ಜೋಳದ ರೊಟ್ಟಿಯೊಂದಿಗೆ ಹಸಿಯಾಗಿಯೇ ತಿನ್ನುವ ಹಕ್ಕರಕಿಯಂಥ ಸೊಪ್ಪು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿದ್ದರೆ ತನ್ನ ರುಚಿಯನ್ನೇ ಕಳೆದುಕೊಳ್ಳುತ್ತದೆ. ಇಂಡಿ ಭಾಗದ ನಿಂಬೆಹಣ್ಣನ್ನು ಕೊಳ್ಳುವಾಗ ಗಾತ್ರಕ್ಕಿಂತ ಸಿಪ್ಪೆಯನ್ನು ನೋಡಬೇಕು: ಸಿಪ್ಪೆ ತೆಳುವಾಗಿದ್ದು ಕೈಗೆ ಭಾರವೆನಿಸುವ ಹಣ್ಣಿನಲ್ಲಿ ರಸ ಹೆಚ್ಚು. ಒಣದ್ರಾಕ್ಷಿಯ ಮಾತಂತೂ ಬೇರೆಯೇ. ಜಿಲ್ಲೆಯೇ ದ್ರಾಕ್ಷಿಯ ಸೀಮೆಯಾಗಿರುವಾಗ ಪೊಟ್ಟಣ ಕಟ್ಟಿದ್ದನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಬಿಡಿಯಾಗಿ ಮಾರುವವರನ್ನು ಕೇಳಿ, ಎರಡು ಕಾಳು ಬಾಯಿಗೆ ಹಾಕಿಕೊಂಡು, ಹುಳಿವಾಸನೆಯಿಲ್ಲದ್ದನ್ನು ಆರಿಸಿಕೊಳ್ಳಬಹುದು. ಸಂಜೆಯ ನೂಕುನುಗ್ಗಲಿನಲ್ಲಿ ಇಷ್ಟು ವ್ಯವಧಾನ ಸಿಗುವುದಿಲ್ಲ. ಬಟ್ಟೆಯ ಚೀಲವನ್ನು ಮನೆಯಿಂದಲೇ ಒಯ್ಯಿರಿ.