ಮದುವೆ ತಯಾರಿಗೆ ಯಾವುದು ಕೈ ಹಿಡಿಯುತ್ತೆ: ಬ್ರೈಡಲ್ ಮ್ಯಾಗಜೀನಾ, ಫೋನಾ, ದೊಡ್ಡಮ್ಮನ ನೋಟ್‌ಬುಕ್ಕಾ?

ಬ್ರೈಡಲ್ ಮ್ಯಾಗಜೀನ್ ಕೊಳ್ಳೋದು ದುಡ್ಡು ದಂಡ ಅಂತ ಬಹಳ ಜನ ಹೇಳುತ್ತಾರೆ. ಎಲ್ಲ ಇನ್‌ಸ್ಟಾಗ್ರಾಂನಲ್ಲೇ ಸಿಗುತ್ತಲ್ವಾ ಅನ್ನೋದು ಅವರ ಮಾತು. ಅಮೆರಿಕದ ‘ಬ್ರೈಡ್ಸ್’ 1934ರಲ್ಲಿ ಶುರುವಾದ ಪತ್ರಿಕೆ. ಅದೂ 2019ರಲ್ಲಿ ಅಚ್ಚು ನಿಲ್ಲಿಸಿ ಪೂರ್ತಿ ಇಂಟರ್‌ನೆಟ್ಟಿಗೆ ಹೋಯಿತು. ಆದರೂ ನನ್ನ ತಂಗಿಯ ಮದುವೆಗೆ ಮ್ಯಾಗಜೀನು, ಫೋನು, ದೊಡ್ಡಮ್ಮನ ನೋಟ್‌ಬುಕ್ಕು ಮೂರನ್ನೂ ಬಳಸಿ ನೋಡಿದೆವು. ಮದುವೆ ಮೈಸೂರಿನಲ್ಲಿ, ನಾನಿರುವುದು ಬೆಂಗಳೂರಿನಲ್ಲಿ, ಹುಡುಗನ ಕಡೆಯವರು ಶಿವಮೊಗ್ಗದವರು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮಗೆ ಏನು ಇಷ್ಟ ಅಂತ ತಿಳಿದುಕೊಳ್ಳೋಕೆ ಮ್ಯಾಗಜೀನ್ ನಿಜಕ್ಕೂ ಒಳ್ಳೆಯದು. ಮದುವೆ ನಡೆಸೋಕೆ ಮಾತ್ರ ಅದನ್ನು ನಂಬಿಕೊಂಡು ಕೂರಬಾರದು.

ಮ್ಯಾಗಜೀನಿನ ದೊಡ್ಡ ಗುಣ ಅಂದರೆ ಅದನ್ನು ಟೀಪಾಯಿ ಮೇಲೆ ಹರಡಬಹುದು. ಅಮ್ಮ, ಅಜ್ಜಿ, ತಂಗಿ ಮೂವರೂ ಒಟ್ಟಿಗೆ ಒಂದೇ ಪುಟ ನೋಡಿದರು. ಫೋನಿನಲ್ಲಿ ಅದು ಆಗಲ್ಲ. ಒಬ್ಬರು ಹಿಡಿದುಕೊಂಡಿರುತ್ತಾರೆ, ಉಳಿದವರು ಭುಜದ ಮೇಲಿಂದ ಇಣುಕಬೇಕು, ಅಷ್ಟರಲ್ಲಿ ಚಿತ್ರ ಮೇಲೆ ಹೋಗಿಬಿಟ್ಟಿರುತ್ತೆ. ಆರತಕ್ಷತೆಗೆ ಯಾವ ಬಣ್ಣ ಅನ್ನುವ ಜಗಳ ನಮ್ಮನೆಯಲ್ಲಿ ಬಹಳ ದಿನ ನಡೆದಿತ್ತು. ಒಂದು ಮಧ್ಯಾಹ್ನ ಕೂತು ಪುಟ ತಿರುಗಿಸಿದ ಮೇಲೆ ಅದು ಮುಗಿಯಿತು. ಅಜ್ಜಿಯೇ ಬೆರಳಿಟ್ಟು, “ಈ ನವಿಲು ಬಣ್ಣ ಇವಳಿಗೆ ಒಪ್ಪುತ್ತೆ” ಅಂದರು.

ಆದರೆ ಅದರಲ್ಲಿ ಬರುವ ಮದುಮಗಳು ನಮ್ಮ ಕಡೆಯವಳಲ್ಲ. ‘ಫೆಮಿನಾ ಬ್ರೈಡ್ಸ್’, ‘ಬ್ರೈಡ್ಸ್ ಟುಡೇ’ ಥರದ ಇಂಗ್ಲಿಷ್ ಪತ್ರಿಕೆಗಳಲ್ಲಿ ಲೆಹೆಂಗಾದ್ದೇ ಮೇಲುಗೈ. ರೇಷ್ಮೆ ಸೀರೆ ಬಂದರೂ ಅದು ಹೆಚ್ಚಾಗಿ ಕಂಚಿ. ಮೈಸೂರು ಸಿಲ್ಕಾಗಲಿ, ಮೊಳಕಾಲ್ಮೂರಾಗಲಿ ನೋಡಬೇಕು ಅಂದರೆ ಅಂಗಡಿಗೇ ಹೋಗಬೇಕು.

ನಮಗೆ ಇಷ್ಟವಾದ ಒಂದು ಬ್ಲೌಸಿನ ಪುಟ ಕಿತ್ತುಕೊಂಡು ಟೈಲರ್ ಹತ್ತಿರ ಹೋದೆವು. ಅವರು ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ, “ಇದರ ಬೆನ್ನಿನ ಕಡೆ ಫೋಟೊ ಎಲ್ಲಿ ಅಕ್ಕಾ?” ಅಂದರು. ಅದು ಇರಲಿಲ್ಲ. ಪಿನ್‌ಟರೆಸ್ಟ್‌ನಲ್ಲಿ ಹುಡುಕಿ, ಬೆನ್ನಿನ ತುಂಬ ಆರಿ ವರ್ಕ್ ಇರುವ ಒಂದು ಡಿಸೈನ್ ತೋರಿಸಿದೆ. ಆಗ ಅವರು ಕೇಳಿದ ಪ್ರಶ್ನೆ ಮ್ಯಾಗಜೀನಿನಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ. “ಧಾರೆಗೆ ಮೊಗ್ಗಿನ ಜಡೆ ಹಾಕ್ತೀರಲ್ವಾ? ಹಾಗಾದ್ರೆ ಬೆನ್ನಿಗೆ ಯಾಕೆ ದುಡ್ಡು ಹಾಕ್ತೀರಿ, ಎಲ್ಲ ಜಡೆ ಕೆಳಗೆ ಮುಚ್ಚಿಹೋಗುತ್ತೆ. ತೋಳಿಗೆ ಹಾಕಿಸಿ.” ಹಾಗೇ ಮಾಡಿಸಿದೆವು. ಧಾರೆ ಫೋಟೊಗಳಲ್ಲಿ ಈಗ ಎದ್ದು ಕಾಣೋದು ಆ ತೋಳಿನ ಕೆಲಸವೇ.

ಒಡವೆ ಪುಟಗಳದ್ದೂ ಇದೇ ಕತೆ. ಹಾರ ಚೆನ್ನಾಗಿ ಕಾಣುತ್ತೆ, ತೂಕ ಎಷ್ಟು ಅಂತ ಇರಲ್ಲ. ನಮ್ಮಂಥ ಮನೆಗಳಲ್ಲಿ ಮೊದಲು ತೂಕ, ಆಮೇಲೆ ಡಿಸೈನು. ಮೈಸೂರಿನ ಅಶೋಕ ರಸ್ತೆಯ ಅಂಗಡಿಗಳಲ್ಲಿ ವೇಸ್ಟೇಜ್, ಮೇಕಿಂಗ್, ಅದರ ಮೇಲೆ 3% ಜಿಎಸ್‌ಟಿ ಎಲ್ಲ ಬಿಡಿಸಿ ಕೇಳಿ ಬರೆದುಕೊಂಡೆವು. ಇಲ್ಲಿ ಫೋನು ನಿಜವಾಗಿ ಕೆಲಸಕ್ಕೆ ಬಂತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನದ ಒಡವೆಯ ಮೇಲೆ ಎಚ್‌ಯುಐಡಿ ಅನ್ನುವ ಆರು ಅಕ್ಷರ-ಅಂಕಿಯ ಗುರುತು ಇರಲೇಬೇಕು. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಶುದ್ಧತೆ ಅಲ್ಲೇ ಗೊತ್ತಾಗುತ್ತೆ.

ಮದುವೆ ಆ್ಯಪ್‌ಗಳ ಬಗ್ಗೆ ನನಗೆ ಅಷ್ಟು ಒಳ್ಳೆ ಅಭಿಪ್ರಾಯ ಇಲ್ಲ. ಫೋಟೊಗ್ರಾಫರ್, ಮೇಕಪ್‌ನವರು, ಮೆಹಂದಿಯವರು ಒಂದೇ ಕಡೆ ಸಿಗುತ್ತಾರೆ, ನಿಜ. ಆದರೆ ಅಲ್ಲಿ ಕಂಡ ಒಬ್ಬ ಫೋಟೊಗ್ರಾಫರ್ ಹಾಕಿದ್ದ ರೇಟು ಒಬ್ಬರೇ ಬಂದು ಅರ್ಧ ದಿನ ತೆಗೆಯೋದಕ್ಕಂತೆ. ಕ್ಯಾಂಡಿಡ್ ಬೇರೆ, ವಿಡಿಯೊ ಬೇರೆ, ಆಲ್ಬಂ ಬೇರೆ. ರೀಲ್ ನೋಡಿಯೂ ಯಾರನ್ನೂ ಒಪ್ಪಿಕೊಳ್ಳಬೇಡಿ. ಸಂಜೆ ಬೆಳಕಲ್ಲಿ ಯಾರು ತೆಗೆದರೂ ಚೆನ್ನಾಗೇ ಬರುತ್ತೆ. ಬೆಳಗಿನ ಜಾವದ ಮುಹೂರ್ತ, ಛತ್ರದ ಹಳದಿ ದೀಪ, ಮಂಟಪದ ಸುತ್ತ ಅಕ್ಷತೆ ಹಿಡಿದು ನಿಂತ ಜನ, ಹೋಮದ ಹೊಗೆ... ಇದರ ನಡುವೆ ಹೇಗೆ ತೆಗೆಯುತ್ತಾರೆ ಅನ್ನೋದು ಮುಖ್ಯ. ಒಂದೇ ಮದುವೆಯ ಪೂರ್ತಿ ಆಲ್ಬಂ ಕೊಡಿ ಅಂತ ಕೇಳಿ ನೋಡಿ.

ಇನ್ನು ದೊಡ್ಡಮ್ಮನ ನೋಟ್‌ಬುಕ್ಕು. ಅವರ ಮಗಳ ಮದುವೆಗೆ ಬರೆದಿಟ್ಟಿದ್ದ ಉದ್ದನೆ ಲೆಕ್ಕದ ಪುಸ್ತಕ. ಪ್ರತಿ ಪುಟದಲ್ಲೂ ಎರಡು ಸಾಲು: ಏನು ತಂದೆವು, ಏನು ಉಳಿಯಿತು. ಗ್ರಂಧಿಗೆ ಅಂಗಡಿ ಪುಟದಲ್ಲಿ ಬಾಸಿಂಗ, ಅರಿಶಿನದ ಕೊಂಬು, ಜೀರಿಗೆ ಬೆಲ್ಲ, ಕಳಶಗನ್ನಡಿ. ಅಂತರಪಟದ ಬಟ್ಟೆ ಎಷ್ಟು ಉದ್ದ, ನಾಂದಿ ದಿನ ಎಷ್ಟು ಎಲೆ, ಕಾಶಿಯಾತ್ರೆಯ ಛತ್ರಿ-ಕೋಲು ಯಾರ ಜವಾಬ್ದಾರಿ, ಎಲ್ಲ ಇದೆ. ತಾಂಬೂಲದ ತೆಂಗಿನಕಾಯಿ ಮುಂದೆ “ಜಾಸ್ತಿ ಆಯಿತು” ಅಂತ ಕೆಂಪು ಇಂಕಿನಲ್ಲಿ ಗೀಟು ಹಾಕಿದ್ದಾರೆ. ಛತ್ರದ ಪುಟವಂತೂ ಚಿನ್ನ. ಬಾಡಿಗೆ ಕೆಳಗೆ ಕರೆಂಟಿನ ಮೀಟರ್, ಜನರೇಟರ್ ಡೀಸೆಲ್, ಸ್ವಚ್ಛತೆ, ಎಲ್ಲದಕ್ಕೂ ಬೇರೆ ಬೇರೆ ಲೆಕ್ಕ. ಅದನ್ನು ನೋಡಿಕೊಂಡೇ ಛತ್ರದ ಮ್ಯಾನೇಜರ್ ಮುಂದೆ ಕೂತಿದ್ದರಿಂದ ಮುಂಗಡ ಕೊಡುವ ಮೊದಲೇ ಎಲ್ಲ ಬರೆಸಿಕೊಂಡೆವು. ಊಟದ ಹಾಲ್‌ನಲ್ಲಿ ಎಲೆ ಲೆಕ್ಕಕ್ಕೆ ನಮ್ಮ ಕಡೆಯವರೊಬ್ಬರು ನಿಲ್ಲಬೇಕು ಅನ್ನೋದೂ ಅಲ್ಲೇ ಇತ್ತು. ಪ್ರತಿ ಪಂಕ್ತಿಗೂ ಚಿಕ್ಕಪ್ಪ ನಿಂತು ಎಣಿಸಿದರು. ಅಡುಗೆಯವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆಯಾಯಿತು.

ಇದರ ಪಕ್ಕಕ್ಕೆ ಮ್ಯಾಗಜೀನಿನ ಹನ್ನೆರಡು ತಿಂಗಳ ಚೆಕ್‌ಲಿಸ್ಟ್ ಇಟ್ಟು ನೋಡಿ. ಹನ್ನೆರಡು ತಿಂಗಳು ಮುಂಚೆ ತಾರೀಖು ನಿಶ್ಚಯ ಆಗಿರಬೇಕಂತೆ. ನಮ್ಮಲ್ಲಿ ಆಷಾಢ ಬೇಡ, ಧನುರ್ಮಾಸ ಬೇಡ, ಗುರು-ಶುಕ್ರ ಮೌಢ್ಯ (ಆ ಗ್ರಹಗಳು ಸೂರ್ಯನ ಹತ್ತಿರ ಇದ್ದು ಕಾಣದಿರುವ ಕಾಲ) ಇದ್ದರೆ ಬೇಡ. ಉಳಿದ ದಿನಗಳಲ್ಲಿ ಇಬ್ಬರ ನಕ್ಷತ್ರಕ್ಕೂ ಕೂಡಿ ಬರಬೇಕು, ಅವತ್ತೇ ಛತ್ರವೂ ಖಾಲಿ ಇರಬೇಕು. ನಿಶ್ಚಿತಾರ್ಥ ಆಗಿ ಮೂರು-ನಾಲ್ಕು ತಿಂಗಳಿಗೆ ಮದುವೆ ಅಂದರೆ ಆ ಪಟ್ಟಿಯ ಮುಕ್ಕಾಲು ಭಾಗ ಶುರುವಾಗೋ ಮೊದಲೇ ತಡ ಆಗಿರುತ್ತೆ. ಸುಮ್ನೆ ಗಾಬರಿ ಅಷ್ಟೇ. ಛತ್ರ, ಅಡುಗೆಯವರು, ಪುರೋಹಿತರು, ಈ ಮೂರು ಮೊದಲು ಹಿಡಿದುಕೊಳ್ಳಿ. ಉಳಿದದ್ದಕ್ಕೆ ಸಮಯ ಇರುತ್ತೆ.

ನೋಟ್‌ಬುಕ್ಕಿಗೂ ಮಿತಿ ಇದೆ. ಅದರ ರೇಟುಗಳು ಈಗ ಯಾವುದಕ್ಕೂ ಬರಲ್ಲ. ಅದು ನಮ್ಮ ಮನೆ ಪದ್ಧತಿ ಮಾತ್ರ. ವರಪೂಜೆ ಶಾಸ್ತ್ರದಲ್ಲಿ ಶಿವಮೊಗ್ಗದವರದ್ದು ಬೇರೆಯೇ ಇತ್ತು. ಹುಡುಗನ ತಾಯಿಗೆ ಫೋನ್ ಮಾಡಿ, ಒಂದೊಂದೇ ಓದಿ ಹೇಳಿ, ಅವರು ಹೇಳಿದ್ದನ್ನು ಪಕ್ಕದಲ್ಲಿ ಬರೆದುಕೊಂಡೆವು. ಬೀಗರ ಜೊತೆ ಸಲುಗೆ ಬೆಳೆದಿದ್ದೂ ಆ ಫೋನುಗಳಿಂದಲೇ.

ಮ್ಯಾಗಜೀನ್ ಕೊಳ್ಳೋದಾದರೆ ಒಂದೇ ಸಾಕು, ನಿಶ್ಚಿತಾರ್ಥ ಆದ ಕೂಡಲೇ ಕೊಳ್ಳಿ. ಸೀರೆ ತಂದ ಮೇಲೆ ಕೊಂಡರೆ ಉಪಯೋಗ ಇಲ್ಲ. ಹೊಸ ಸಂಚಿಕೆಯೇ ಆಗಬೇಕು ಅಂತಿಲ್ಲ, ಹಳೆಯದು ಯಾರ ಮನೆಯಲ್ಲಾದರೂ ಇದ್ದರೆ ಕೇಳಿ ತನ್ನಿ. ನೋಟ್‌ಬುಕ್ಕಿಗೆ ನಿಮ್ಮ ಮನೆಯಲ್ಲಿ ಇತ್ತೀಚೆಗೆ ಮದುವೆ ಮಾಡಿದ ಹಿರಿಯರನ್ನು ಹಿಡಿಯಿರಿ. ಅವರು ಬರೆದಿಟ್ಟಿಲ್ಲದಿದ್ದರೆ ಎದುರಿಗೆ ಕೂತು ನೀವೇ ಬರೆದುಕೊಳ್ಳಿ. “ಏನೇನು ಬೇಕು?” ಅಂತ ಕೇಳೋ ಬದಲು “ಏನು ಉಳಿಯಿತು, ಏನಕ್ಕೆ ಕೊನೇ ಗಳಿಗೆಯಲ್ಲಿ ಅಂಗಡಿಗೆ ಓಡಿದಿರಿ?” ಅಂತ ಕೇಳಿ. ಆಗ ಎಲ್ಲ ಜ್ಞಾಪಕಕ್ಕೆ ಬರುತ್ತೆ.