ಅಪ್ಪನ ಟೇಪ್, ನನ್ನ ಫೋನ್, ನಡುವೆ ಅರ್ಧ ಸ್ವರ

ಬೆಳಗಾವಿಯ ಮಳೆ ನಿಮಗೆ ಗೊತ್ತಲ್ವಾ, ಜಿಟಿಜಿಟಿ ಹಿಡಿದರೆ ಎಂಟು ದಿನ ಬಿಡುವುದಿಲ್ಲ. ಅಂಥದ್ದೇ ಒಂದು ಸಂಜೆ ಅಟ್ಟದಿಂದ ಅಪ್ಪನ ಟೇಪ್ ರೆಕಾರ್ಡರ್ ಇಳಿಸಿದೆ. ಜೊತೆಗೆ ಒಂದು ರಟ್ಟಿನ ಡಬ್ಬಿ ತುಂಬ ಕ್ಯಾಸೆಟ್. ಎಲ್ಲ ಹಿಂದೂಸ್ತಾನಿ ಗಾಯನ. ಜಾಸ್ತಿ ಮಲ್ಲಿಕಾರ್ಜುನ ಮನಸೂರರವು, ಆರೇಳು ಕುಮಾರ ಗಂಧರ್ವರವು. ಇವೆಲ್ಲ ಈಗ ಫೋನಿನಲ್ಲೂ ಸಿಗುತ್ತವೆ. ಹಾಗಾದರೆ ಯಾವುದರಲ್ಲಿ ಕೇಳಿದರೆ ಚಂದ? ಒಂದು ತಿಂಗಳು ಎರಡನ್ನೂ ಬದಲಿಸಿ ಬದಲಿಸಿ ಕೇಳಿದೆ. ನಡುವೆ ರೇಡಿಯೋ ಕೂಡ.

ರೇಡಿಯೋದ ಮಾತು ಬೇಗ ಮುಗಿಸುತ್ತೇನೆ. ಧಾರವಾಡ ಆಕಾಶವಾಣಿ ಎಂದರೆ ನಮ್ಮ ಮನೆಯಲ್ಲಿ ಗಡಿಯಾರ ಇದ್ದ ಹಾಗೆ ಇತ್ತು. ಮನಸೂರರೇ ಅಲ್ಲಿ ಸಂಗೀತ ಸಲಹೆಗಾರರಾಗಿದ್ದವರು. ಆದರೆ ಮಿಂಚು ಹೊಡೆದಾಗಲೆಲ್ಲ ಮೀಡಿಯಂ ವೇವ್ ಚಟಚಟ ಅನ್ನುತ್ತದೆ, ಮಳೆಗಾಲದಲ್ಲಿ ಅದರ ಮುಂದೆ ಕೂರುವುದು ಕಷ್ಟ. ಒಂದು ಸುಖ ಇದೆ. ಏನು ಕೇಳಬೇಕು ಎಂದು ನಾನು ಆರಿಸಬೇಕಿಲ್ಲ. ಫೋನಿನಲ್ಲಿ ಆರಿಸುವುದರಲ್ಲೇ ಕಾಲು ತಾಸು ಹೋಗುತ್ತದೆ.

ಮೊದಲು ಕುಮಾರರನ್ನು ಹಚ್ಚಿದೆ. ನಮ್ಮ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಸಣ್ಣ ಹುಡುಗನಿದ್ದಾಗ ದೊಡ್ಡ ದೊಡ್ಡ ಗವಾಯಿಗಳ ಗ್ರಾಮಫೋನ್ ತಟ್ಟೆ ಕೇಳಿ ಹಾಗೇ ಹಾಡಿ ತೋರಿಸುತ್ತಿದ್ದರು. ಮುಂದೆ ಕ್ಷಯ ಬಂತು. 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು, ವರ್ಷಗಟ್ಟಲೆ ಹಾಡಲಿಲ್ಲ. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. 1953ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಅವರ ಗಾಯನ ಸಣ್ಣ ಸಣ್ಣ ತುಣುಕುಗಳಲ್ಲಿತ್ತು. ಒಂದು ಸ್ವರ ಹಾರಿಸುತ್ತಾರೆ, ನಿಲ್ಲಿಸುತ್ತಾರೆ, ಉಸಿರು ತೆಗೆದುಕೊಂಡು ಇನ್ನೊಂದು ಹಾರಿಸುತ್ತಾರೆ.

ಆ ನಿಲುಗಡೆಗಳೇ ಅವರ ಸಂಗೀತದ ಅರ್ಧ. ಕ್ಯಾಸೆಟ್ಟಿನಲ್ಲಿ ಅವುಗಳ ಜಾಗದಲ್ಲಿ ಬರೀ ಸೊಂಯ್ ಎಂಬ ಸದ್ದು. ಫೋನಿಗೆ ಇಯರ್‌ಫೋನ್ ಹಾಕಿ ಕೇಳಿದೆ. ಅವರು ಉಸಿರು ಎಳೆದುಕೊಳ್ಳುವುದು, ಹಿಂದೆ ತಂಬೂರಿಯ ತಂತಿ ಒಂದೊಂದೇ ತಿರುಗಿ ಬರುವುದು, ಎಲ್ಲ ಕೇಳಿಸಿತು. ಚಿಕ್ಕಂದಿನಿಂದ ಕೇಳಿದ ಭೀಮಪಲಾಸಿ ರಾಗದಲ್ಲಿ ಇಷ್ಟು ಮೌನ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕುಮಾರರಿಗೆ ಫೋನೇ ಸರಿ, ಎರಡು ಮಾತಿಲ್ಲ. ಆದರೆ ಹಣ ಕಟ್ಟದ ಆ್ಯಪಿನಲ್ಲಿ ಕೇಳಬೇಡಿ. ಆಲಾಪ್ ನಡುವೆ ಒಬ್ಬಳು ಗೃಹಸಾಲ ಬೇಕೇ ಎಂದು ಕೇಳಿದಳು, ಆಮೇಲೆ ಆ ಸಂಜೆ ನನಗೆ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಸಿಗಲೇ ಇಲ್ಲ.

ಹಳೆಯ ತಟ್ಟೆಗಳ ವಿಷಯದಲ್ಲೂ ಫೋನೇ ಗೆದ್ದಿತು, ಯಾಕೆಂದರೆ ಎದುರಾಳಿಯೇ ಇಲ್ಲ. ನಮ್ಮ ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ಮೀರಜದ ಅಬ್ದುಲ್ ಕರೀಂ ಖಾನರ 78 ಆರ್‌ಪಿಎಂ ತಟ್ಟೆಗಳನ್ನು ಒಂದಾದ ಮೇಲೊಂದು ಕೇಳಿದೆ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟೇ. ಅಷ್ಟರಲ್ಲಿ ರಾಗ ಮುಗಿಯಬೇಕು. 1977ರಲ್ಲಿ ವಾಯೇಜರ್ ನೌಕೆಯ ಜೊತೆ ಬಾಹ್ಯಾಕಾಶಕ್ಕೆ ಹೋದ, ಗಾಯಕಿ ಕೇಸರಬಾಯಿ ಕೇರಕರರ ಭೈರವಿ ಕೂಡ ಮೂರೂವರೆ ನಿಮಿಷದ್ದೇ. ಈಗ ಪಂಡಿತ ವೆಂಕಟೇಶ ಕುಮಾರರು ಒಂದೇ ರಾಗವನ್ನು ಒಂದು ತಾಸು ಹಾಡಿದ್ದು ಫೋನಿನಲ್ಲಿ ಇಡಿಯಾಗಿ ಸಿಗುತ್ತದೆ. ಗದಗಿನ ಆಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ವರ್ಷಗಟ್ಟಲೆ ಕಲಿತವರಿಗೆ ಒಂದು ತಾಸು ಯಾವ ಲೆಕ್ಕ? ಅವಸರ ಇರುವುದು ನನಗೇ. ಬೆರಳು ಮುಂದಕ್ಕೆ ಓಡಿಸುತ್ತದೆ. ನಿಧಾನವಾಗಿ ಹಾಡುವ ಬಡಾ ಖ್ಯಾಲ್ ಅನ್ನು ಎರಡು ಸಲ ಹಾರಿಸಿ, ಸ್ವರಗಳು ಸರಸರ ಓಡುವ ತಾನ್‌ಗೆ ಹೋದೆ. ನಾಚಿಕೆಯ ಮಾತು, ಆದರೂ ಹೇಳುತ್ತಿದ್ದೇನೆ.

ಕ್ಯಾಸೆಟ್ಟಿನಲ್ಲಿ ಆ ಆಟ ನಡೆಯುವುದಿಲ್ಲ. ಮುಂದೆ ಓಡಿಸಿದರೆ ಎಲ್ಲಿ ನಿಲ್ಲುತ್ತದೋ ದೇವರೇ ಬಲ್ಲ. ಅದಕ್ಕೇ ಸುಮ್ನೆ ಕೂತು ಕೇಳುತ್ತೇವೆ. ಮನಸೂರರಿಗೆ ಅದು ಹೇಳಿ ಮಾಡಿಸಿದ್ದು. ಮಂಜೀಖಾನ್, ಭುರ್ಜೀಖಾನ್ ಅವರಿಂದ ಕಲಿತ ಜೈಪುರ ಘರಾಣೆಯ (ಗುರುಪರಂಪರೆಯ) ಗಾಯನ ಅದು. ಒಂದು ತಾನ್ ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು ಎಂದು ಹಿಡಿಯುವಷ್ಟರಲ್ಲಿ ಸಮ್‌ಗೆ ಬಂದು ಬಿದ್ದಿರುತ್ತಾರೆ. ನಡುವೆ ಬೆರಳು ಹಾಕಿದರೆ ಏನೂ ಉಳಿಯುವುದಿಲ್ಲ. ಹಾಗಾಗಿ ಮನಸೂರರಿಗೆ ಟೇಪ್ ಎಂದು ತೀರ್ಪು ಕೊಟ್ಟು ಮುಗಿಸುವವನಿದ್ದೆ.

ಅಷ್ಟರಲ್ಲಿ ಅಣ್ಣನ ಮಗ ಬಂದ. ಹಾರ್ಮೋನಿಯಂ ಕಲಿಯುತ್ತಿದ್ದಾನೆ. ಅದೇ ಶುದ್ಧ ನಟ್ ರಾಗವನ್ನು ಟೇಪಿನಲ್ಲೂ ಫೋನಿನಲ್ಲೂ ಹಚ್ಚಿ, ಪೆಟ್ಟಿಗೆಯ ಮೇಲೆ ಬೆರಳಿಟ್ಟು ನೋಡಿದ.

"ಕಾಕಾ, ಅಜ್ಜಾನ ಟೇಪು ಅರ್ಧ ಸ್ವರ ಕೆಳಗ ಐತಿ."

"ಫೋನ್ ಮ್ಯಾಲ ಇರಬೇಕು ನೋಡಪಾ."

ಇದು ಬರೀ ಹಟದ ಮಾತಲ್ಲ. ಫೋನಿನಲ್ಲಿ ಒಂದೇ ಕಛೇರಿ ಮೂರು ಕಡೆ ಇದ್ದರೆ ಮೂರರ ಶ್ರುತಿಯೂ ಬೇರೆ ಬೇರೆ ಇರುವುದನ್ನು ಕೇಳಿದ್ದೇನೆ. ಯಾರ್‍ಯಾರೋ ತಮ್ಮ ತಮ್ಮ ಮುದುಕ ಟೇಪಿನಿಂದ ಏರಿಸಿರುತ್ತಾರೆ. ಆದರೆ ಕ್ಯಾಸೆಟ್ಟಿನ ಕವರಿನ ಮೇಲೆ 22 ನಿಮಿಷ ಎಂದು ಅಚ್ಚಾಗಿತ್ತು. ಗಡಿಯಾರ ಹಿಡಿದೆವು. 23 ನಿಮಿಷ 20 ಸೆಕೆಂಡ್. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನೂರಕ್ಕೆ ಸುಮಾರು ಆರರಷ್ಟು ನಿಧಾನವಾದರೆ ಹೆಚ್ಚುಕಡಿಮೆ ಅರ್ಧ ಸ್ವರ ಇಳಿಯುತ್ತದೆ. ಹುಡುಗ ಗೆದ್ದ. ನಾನು ಇಷ್ಟು ದಿನ ಪ್ರೀತಿಸಿದ ಆ ಭಾರವಾದ, ಮಣ್ಣಿನಂಥ ದನಿಯಲ್ಲಿ ಒಂದು ಪಾಲು ಸಡಿಲಾದ ರಬ್ಬರ್ ಬೆಲ್ಟಿನದು!

ಖಡೇ ಬಜಾರಿನ ಕಡೆ ಇನ್ನೂ ಇಂಥದ್ದನ್ನು ರಿಪೇರಿ ಮಾಡುವವರೊಬ್ಬರು ಸಿಕ್ಕರು. ಬೆಲ್ಟ್ ಬದಲಿಸಿದರು, ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸಿದರು. ಮೋಟಾರಿನ ಹಿಂದಿನ ತೂತಿನೊಳಗೆ ಸಣ್ಣ ಸ್ಕ್ರೂ ಇದೆ, ಅದನ್ನು ತಿರುಗಿಸಿ ವೇಗ ಕೂಡಿಸಿದರು. 250 ರೂಪಾಯಿ. ಮನೆಗೆ ತಂದು ಹಚ್ಚಿದರೆ 22 ನಿಮಿಷಕ್ಕೆ ಸರಿಯಾಗಿ ಮುಗಿಯಿತು. ಫೋನಿಗೂ ಟೇಪಿಗೂ ಈಗ ಜಗಳವಿಲ್ಲ. ತಾನ್‌ಗಳು ಚುರುಕಾಗಿವೆ, ದನಿ ತೆಳ್ಳಗೆ, ವಯಸ್ಸು ಕಡಿಮೆ. ನಿಜವಾದ ಮನಸೂರರು ಇವರೇ.

ಒಳಗಿಂದ ಅವ್ವ ಕೇಳಿದಳು, "ಯಾರೋ ಇವ ಹೊಸಾ ಗವಾಯಿ? ನಿಮ್ಮಪ್ಪನ ಮನಸೂರರನ್ನ ಹಚ್ಚೋ."

ಭಾನುವಾರ ಮಧ್ಯಾಹ್ನ ಹಿಂದಿನ ಮುಚ್ಚಳ ತೆಗೆದು ಸ್ಕ್ರೂ ಅನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದೆ. ಅಣ್ಣನ ಮಗನಿಗೆ ಇನ್ನೂ ಹೇಳಿಲ್ಲ.