ಪಿಕಪ್ ಟ್ರಕ್ಕಿಗೆ 2 ಇಂಚಿನ ಸಸ್ಪೆನ್ಷನ್ ಲಿಫ್ಟ್ ಕಿಟ್: ದೀರ್ಘ ಬಳಕೆಯ ನಂತರದ ವಿಮರ್ಶೆ

ನನ್ನ ಫೋರ್ ವ್ಹೀಲ್ ಡ್ರೈವ್ ಪಿಕಪ್‌ನ ಮುಂಭಾಗದಲ್ಲಿ ಡಬಲ್ ವಿಶ್‌ಬೋನ್ (ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುವ) ಸಸ್ಪೆನ್ಷನ್ ಇದ್ದು, ಹಿಂಭಾಗದ ಆಕ್ಸಲ್ ಲೀಫ್ ಸ್ಪ್ರಿಂಗ್‌ಗಳ ಮೇಲೆ ಕೂತಿದೆ. ಅದಕ್ಕೆ 2 ಇಂಚಿನ, ಅಂದರೆ ಸುಮಾರು 50 ಮಿಲಿಮೀಟರಿನ ಲಿಫ್ಟ್ ಕಿಟ್ (ವಾಹನವನ್ನು ಮೇಲೆತ್ತುವ ಭಾಗಗಳ ಗುಂಪು) ಹಾಕಿಸಿ ಕೆಲವು ವರ್ಷಗಳಾದವು. ಮುಂದಕ್ಕೆ ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್‌ಗಳು (ಶಾಕ್‌ನ ಸುತ್ತ ಸುರುಳಿ ಸ್ಪ್ರಿಂಗ್ ಕೂತಿರುವ ಜೋಡಿ) ಮತ್ತು ಹೊಸ ಅಪ್ಪರ್ ಕಂಟ್ರೋಲ್ ಆರ್ಮ್‌ಗಳು (ಚಕ್ರವನ್ನು ಹಿಡಿಯುವ ಮೇಲಿನ ತೋಳುಗಳು), ಹಿಂದಕ್ಕೆ ಪೂರ್ತಿ ಹೊಸ ಲೀಫ್ ಸ್ಪ್ರಿಂಗ್ ಕಟ್ಟುಗಳು, ಉದ್ದನೆಯ ಶಾಕ್‌ಗಳು (ಕುಲುಕಾಟವನ್ನು ತಗ್ಗಿಸುವ ಭಾಗಗಳು) ಮತ್ತು ಲೀಫ್ ಸ್ಪ್ರಿಂಗ್ ಅನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳು ಕಿಟ್‌ನಲ್ಲಿದ್ದವು. ಕಲ್ಲುದಾರಿ, ಕೆಸರು, ಹೆದ್ದಾರಿ ಎಲ್ಲದರಲ್ಲೂ ಓಡಿಸಿ ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಭಾಗಗಳ ಗುಣಮಟ್ಟ ಚೆನ್ನಾಗಿದೆ. ಆದರೆ ಅವುಗಳಿಂದ ಸಿಗುವ ಫಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಜೋಡಣೆಯ ಶಿಸ್ತು ಮತ್ತು ಆನಂತರದ ಹೊಂದಾಣಿಕೆಗೆ ಸೇರಿದ್ದು.

ಸ್ಟ್ರಟ್‌ನ (ಮುಂದಿನ ಶಾಕ್ ಮತ್ತು ಸ್ಪ್ರಿಂಗ್‌ನ ಜೋಡಿ) ತಲೆಯ ಮೇಲೆ ಸ್ಪೇಸರ್ (ಎತ್ತರಿಸುವ ಬಿಲ್ಲೆ) ಕೂರಿಸಿ ಇದೇ ಎತ್ತರವನ್ನು ಬಹಳ ಸುಲಭವಾಗಿ ಪಡೆಯಬಹುದಿತ್ತು. ಹಾಗೆ ಮಾಡಿದಾಗ ಹಳೆಯ ಶಾಕ್, ಹಳೆಯ ಸ್ಪ್ರಿಂಗ್ ಹಾಗೆಯೇ ಉಳಿಯುತ್ತವೆ, ಚಕ್ರ ಕೆಳಗಿಳಿದಾಗ ಬಾಲ್ ಜಾಯಿಂಟ್ (ತೋಳು ಚಕ್ರಕ್ಕೆ ಸೇರುವ ಕೀಲು) ಮತ್ತು ಸಿವಿ ಜಾಯಿಂಟ್‌ಗಳು (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್‌ನ ಕೀಲುಗಳು) ತಮ್ಮ ಮಿತಿಯ ಹತ್ತಿರಕ್ಕೆ ಹೋಗುತ್ತವೆ. ಕಾಯಿಲ್‌ಓವರ್ ಆದರೆ ಕೆಳಗಿನ ಕಾಲರ್ (ಸ್ಪ್ರಿಂಗ್ ಕೂರುವ, ಥ್ರೆಡ್ ಇರುವ ಬಳೆ) ತಿರುಗಿಸಿ ಎತ್ತರವನ್ನು ಬೇಕಾದಷ್ಟೇ ಇಡಬಹುದು. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕಾಲರ್ ಬಿಗಿಸುತ್ತಾ ಹೋದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯ ಸ್ಪ್ರಿಂಗ್‌ನ ಗಡಸುತನ ಅದರಿಂದ ಬದಲಾಗುವುದಿಲ್ಲ, ವಾಹನ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಶಾಕ್‌ನ ಒಟ್ಟು ಉದ್ದ ನಿಗದಿಯಾಗಿರುವುದರಿಂದ, ಮೇಲಕ್ಕೆ ಏರಿಸಿದ ಪ್ರತಿಯೊಂದು ಮಿಲಿಮೀಟರನ್ನೂ ಚಕ್ರ ಕೆಳಗಿಳಿಯಲು ಇರುವ ಅವಕಾಶದಿಂದಲೇ ಕಳೆಯಬೇಕಾಗುತ್ತದೆ. ಗುಂಡಿಗೆ ಚಕ್ರ ಇಳಿಯುವಾಗ ಟೈರ್ ನೆಲವನ್ನು ಹಿಡಿದಿರಬೇಕಾದರೆ ಈ ಅವಕಾಶ ಬೇಕೇ ಬೇಕು. ಕಿಟ್ ತಯಾರಕರು ಹೇಳುವ ಗರಿಷ್ಠ ಎತ್ತರದಲ್ಲಿ ಇಟ್ಟಿದ್ದಾಗ ಉಬ್ಬು ದಾಟುವಾಗಲೆಲ್ಲ ಶಾಕ್ ಪೂರ್ತಿ ಚಾಚಿಕೊಂಡು ‘ಟಕ್’ ಎನ್ನುತ್ತಿತ್ತು. ಕಾಲರ್ 5 ಮಿಲಿಮೀಟರಿನಷ್ಟು ಇಳಿಸಿದ ಮೇಲೆ ಆ ಸದ್ದು ನಿಂತಿತು. ಸ್ಟ್ರಟ್ ಕೆಳಗಿನ ಆರ್ಮ್‌ನ ನಡುಭಾಗದಲ್ಲಿ ಕೂರುವುದರಿಂದ, ಅಲ್ಲಿ ಮಾಡಿದ ಸಣ್ಣ ಬದಲಾವಣೆ ಚಕ್ರದ ಬಳಿ ಹೆಚ್ಚುಕಡಿಮೆ ಇಮ್ಮಡಿಯಾಗಿ ಕಾಣುತ್ತದೆ.

ಜೋಡಣೆಯಲ್ಲಿ ನಾನು ಬಹಳವಾಗಿ ಮೆಚ್ಚಿದ್ದು ಮೆಕ್ಯಾನಿಕ್ ಬುಷ್‌ಗಳ (ಕೀಲುಗಳಲ್ಲಿ ಬೋಲ್ಟ್ ಸುತ್ತ ಇರುವ ರಬ್ಬರ್ ಕೊಳವೆಗಳು) ವಿಷಯದಲ್ಲಿ ತೋರಿಸಿದ ತಾಳ್ಮೆಯನ್ನು. ಕಂಟ್ರೋಲ್ ಆರ್ಮ್ ಮತ್ತು ಲೀಫ್ ಸ್ಪ್ರಿಂಗ್‌ಗಳ ಬೋಲ್ಟ್‌ಗಳನ್ನು ಅವರು ಕೈಬಿಗಿಯಲ್ಲಷ್ಟೇ ಬಿಟ್ಟು, ವಾಹನವನ್ನು ನೆಲಕ್ಕಿಳಿಸಿ, ಬಾನೆಟ್ ಮತ್ತು ಹಿಂಬದಿಯನ್ನು ನಾಲ್ಕೈದು ಸಲ ಒತ್ತಿ ಕುಲುಕಿಸಿದರು. ಆಮೇಲೆ ಭಾರವೆಲ್ಲ ಚಕ್ರಗಳ ಮೇಲೆ ಇರುವಂತೆಯೇ ಅಡಿಯಲ್ಲಿ ಮಲಗಿ ಟಾರ್ಕ್ ವ್ರೆಂಚ್‌ನಿಂದ ಒಂದೊಂದನ್ನೇ ಅಂತಿಮವಾಗಿ ಬಿಗಿದರು. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ ವಾಹನ ನಿಂತಿರುವಷ್ಟು ಹೊತ್ತೂ ಆ ರಬ್ಬರ್ ತಿರುಚಿಯೇ ಇರುತ್ತದೆ, ಬೇಗ ಹರಿಯುತ್ತದೆ, ಎತ್ತರದ ಅಳತೆಯನ್ನೂ ತಪ್ಪಿಸುತ್ತದೆ. ಇಷ್ಟು ವರ್ಷ ಕಳೆದರೂ ನನ್ನ ಬುಷ್‌ಗಳಲ್ಲಿ ಬಿರುಕಿಲ್ಲದಿರುವುದಕ್ಕೆ ಆ ಎಚ್ಚರಿಕೆಯೇ ಕಾರಣವೆಂದು ನಂಬಿದ್ದೇನೆ. ಯು-ಬೋಲ್ಟ್‌ಗಳು ಬಿಗಿದಾಗ ಹಿಗ್ಗುವಂಥವಾದ್ದರಿಂದ ಹಳೆಯವನ್ನು ಮತ್ತೆ ಬಳಸಬಾರದು. ಹೊಸವನ್ನೂ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಸಬೇಕು. ಕಾಯಿಲ್ ಸ್ಪ್ರಿಂಗ್ ಅನ್ನು ಒತ್ತಿ ಜೋಡಿಸುವ ಕೆಲಸವನ್ನು ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಅನ್ನು ಒತ್ತಿ ಹಿಡಿಯುವ ಸಾಧನ) ಇಲ್ಲದೆ ಯಾರೂ ಮನೆಯಲ್ಲಿ ಮಾಡಬಾರದು, ಅದು ಪ್ರಾಣಾಪಾಯದ ಕೆಲಸ.

ಎತ್ತರವನ್ನು ನೆಲದಿಂದ ಅಳೆದರೆ ಟೈರಿನ ಗಾಳಿ ಮತ್ತು ಸವೆತ ಲೆಕ್ಕ ಕೆಡಿಸುತ್ತವೆ. ಹಬ್‌ನ ಮಧ್ಯಬಿಂದುವಿನಿಂದ ಮಡ್‌ಗಾರ್ಡ್‌ನ ಅಂಚಿನವರೆಗೆ, ಜೋಡಣೆಗೆ ಮೊದಲು ಮತ್ತು ಆಮೇಲೆ, ನಾಲ್ಕೂ ಕಡೆ ಅಳೆದು ಬರೆದಿಡುವುದು ಸರಿಯಾದ ಕ್ರಮ. ಜಾಕ್‌ನಿಂದ ಇಳಿಸಿದ ಕೂಡಲೇ ಅಳೆಯಬಾರದು. ನೇತಾಡುವಾಗ ಒಳಕ್ಕೆ ಸೇರಿಕೊಂಡಿದ್ದ ಮುಂದಿನ ಟೈರ್‌ಗಳು ನೆಲವನ್ನು ಕಚ್ಚಿಕೊಂಡು ವಾಹನವನ್ನು ಮೇಲೆಯೇ ಹಿಡಿದಿರುತ್ತವೆ, ಹಾಗಾಗಿ ಸ್ವಲ್ಪ ಹಿಂದೆ ಮುಂದೆ ಓಡಿಸಿದ ಮೇಲಷ್ಟೇ ನಿಜವಾದ ಎತ್ತರ ತಿಳಿಯುತ್ತದೆ.

ವ್ಹೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಾಣಿಕೆ) ಇಲ್ಲದೆ ಈ ಕೆಲಸ ಮುಗಿಯುವುದಿಲ್ಲ. ಇಂಥ ಸಸ್ಪೆನ್ಷನ್‌ನಲ್ಲಿ ವಾಹನ ಮೇಲೇರಿದಾಗ ಸಾಮಾನ್ಯವಾಗಿ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷವು ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಆಗ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಮರಳಲು ಸೋಮಾರಿತನ ತೋರುತ್ತದೆ, ಹೆದ್ದಾರಿಯಲ್ಲಿ ವಾಹನ ಅಲೆದಾಡುತ್ತದೆ. ಹೊಸ ಅಪ್ಪರ್ ಆರ್ಮ್‌ಗಳು ಕ್ಯಾಸ್ಟರ್ ಅನ್ನು ಮರಳಿ ಪಡೆಯಲು ನೆರವಾದವು, ಮತ್ತು ಕಿಟ್‌ನಲ್ಲಿ ಇವು ಸೇರಿರುವುದೇ ಅದರ ದೊಡ್ಡ ಗುಣ. ಹೆಡ್‌ಲೈಟ್‌ಗಳ ದಿಕ್ಕನ್ನೂ ಇದರೊಂದಿಗೇ ಸರಿಪಡಿಸಬೇಕು, ಇಲ್ಲದಿದ್ದರೆ ಎದುರಿನವರ ಕಣ್ಣು ಕುಕ್ಕುತ್ತದೆ.

ಹಿಂಭಾಗದ ಬಗ್ಗೆ ನನಗೆ ಅಸಮಾಧಾನವಿದೆ. ಆಕ್ಸಲ್‌ನ ಕೋನ ಬದಲಾದದ್ದರಿಂದ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲ್‌ಗೆ ಎಂಜಿನ್ನಿನ ಶಕ್ತಿ ಒಯ್ಯುವ ದಂಡ) ನಿಂತಲ್ಲಿಂದ ಹೊರಡುವಾಗ ನಡುಗುತ್ತಿತ್ತು. ಅದನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್ ಅನ್ನು ತುಸು ಕೆಳಗಿಳಿಸುವ ಸ್ಪೇಸರ್ ಹಾಕಿದ ಮೇಲೆ ನಡುಕ ಹೋಯಿತು, ಆದರೆ ಅದನ್ನು ಕಿಟ್‌ನಲ್ಲೇ ಕೊಡಬೇಕಿತ್ತು. ಇದಕ್ಕಿಂತ ಗಂಭೀರವಾದದ್ದು ಬ್ರೇಕಿನ ಮಾತು. ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ನಿಯಂತ್ರಿಸುವ ವಾಲ್ವ್ ಇರುವ ಟ್ರಕ್‌ಗಳಲ್ಲಿ, ಬಾಡಿ ಮೇಲೇರಿದ್ದನ್ನು ಆ ವಾಲ್ವ್ ‘ಟ್ರಕ್ ಖಾಲಿಯಿದೆ’ ಎಂದು ತಿಳಿದು ಹಿಂದಿನ ಬ್ರೇಕ್ ಅನ್ನು ಸಡಿಲಗೊಳಿಸುತ್ತದೆ. ಅದರ ಸಲಾಕೆಯ ಬ್ರಾಕೆಟ್ ಅನ್ನು ಏರಿದ ಎತ್ತರಕ್ಕೆ ಸರಿಯಾಗಿ ಸ್ಥಳಾಂತರಿಸಲೇಬೇಕು. ಬಳಕೆದಾರರ ಕೈಪಿಡಿಯಲ್ಲಿ ಇದರ ಪ್ರಸ್ತಾಪವೇ ಇಲ್ಲದಿರುವುದನ್ನು ನಾನು ದೊಡ್ಡ ಲೋಪವೆಂದೇ ಎಣಿಸುತ್ತೇನೆ. ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ, ಚಕ್ರ ಪೂರ್ತಿ ನೇತಾಡಿದಾಗ ಬಿಗಿಯಾಗದಂತೆ ಇವೆಯೇ ಎಂದೂ ನೋಡಬೇಕು.

ಲೀಫ್ ಸ್ಪ್ರಿಂಗ್‌ಗಳನ್ನು ಆರಿಸುವಾಗ ಟ್ರಕ್ಕಿನ ಮೇಲೆ ಸದಾ ಇರುವ ಭಾರವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು, ಅಪರೂಪಕ್ಕೆ ಹೇರುವ ಹೊರೆಯನ್ನಲ್ಲ. ನಾನು ಆರಿಸಿದ್ದು ಮಧ್ಯಮ ಹೊರೆಯ ಕಟ್ಟು. ಹಿಂದೆ ಸಾಮಾನು ಪೆಟ್ಟಿಗೆಗಳು ಇದ್ದಾಗ ಅದು ಮೆತ್ತಗೆ, ಹಿಡಿತದಲ್ಲಿ ಓಡುತ್ತದೆ, ಖಾಲಿ ಇದ್ದಾಗ ಸ್ವಲ್ಪ ಪುಟಿಯುತ್ತದೆ. ಬಳಸುತ್ತಾ ಹೋದಂತೆ ಅದು ತುಸು ತಗ್ಗಿದೆ, ಅದಕ್ಕೆ ಸರಿಯಾಗಿ ಮುಂದಿನ ಕಾಲರ್‌ಗಳನ್ನೂ ಇಳಿಸಿಕೊಂಡಿದ್ದೇನೆ. ಪ್ರತಿ ಸರ್ವೀಸಿನಲ್ಲೂ ನಾನು ತಪ್ಪದೆ ನೋಡಿಸುವುದು ಎರಡನ್ನು: ಸಿವಿ ಜಾಯಿಂಟ್‌ಗಳ ರಬ್ಬರ್ ಬೂಟ್‌ಗಳಲ್ಲಿ ಗ್ರೀಸ್ ಸೋರುತ್ತಿದೆಯೇ ಎಂಬುದನ್ನು, ಹಾಗೂ ಕಾಲರ್‌ನ ಲಾಕ್ ನಟ್ಟುಗಳು ಸಡಿಲವಾಗಿವೆಯೇ ಎಂಬುದನ್ನು. ಕೆಸರಿನಲ್ಲಿ ಓಡಿಸಿ ಬಂದ ದಿನ ಕಾಲರ್‌ನ ಥ್ರೆಡ್‌ಗಳನ್ನು ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸುತ್ತೇನೆ, ಏಕೆಂದರೆ ಅಲ್ಲಿ ಮಣ್ಣು ಗಟ್ಟಿಯಾದರೆ ಮುಂದಿನ ಸಲ ಎತ್ತರ ಬದಲಿಸಲು ಕಾಲರ್ ಅಲುಗುವುದೇ ಇಲ್ಲ.